ಗಿರಾಕಿ ಉಂಡ ಮೇಲೆ

ಶಿಗ್ಗಾಂವಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಚಿಗವ್ವನ, ಅಂದರೆ ಅವ್ವನ ತಂಗಿಯ, ಖಾನಾವಳಿ ಇದೆ. ಆರು ಟೇಬಲ್ಲು, ಕೈ ತೊಳೆಯಲು ಒಂದು ನಳ, ಹಿಂದೆ ಅಡುಗೆಮನೆ. ನಡುವಿನ ಗೋಡೆಗೆ ದೊಡ್ಡ ಕಿಂಡಿ. ಅದರಾಚೆ ರೊಟ್ಟಿ ಬಡಿಯುವ ಅಕ್ಕ ಕೂತಿರುವುದು ಉಣ್ಣುವವರಿಗೆಲ್ಲ ಕಾಣುತ್ತದೆ. ಕಾಣಲೇಬೇಕು ಅನ್ನುವುದು ಚಿಗವ್ವನ ಹಟ. ಬಡಿಯುವ ಸಪ್ಪಳ ಕೇಳಿಸದಿದ್ದರೆ ಗಿರಾಕಿಗೆ ರೊಟ್ಟಿ ನಿನ್ನೆಯದು ಅನಿಸುತ್ತದಂತೆ.

ಅಲ್ಲಿ ಒಂದು ಪದ್ಧತಿ ಇತ್ತು. ಗಿರಾಕಿ ಉಂಡ ಮೇಲೆ ಕೆಲಸದವರ ಊಟ, ಕೆಲಸದವರು ಉಂಡ ಮೇಲೆ ಚಿಗವ್ವನದು. ಕೆಲಸದವರು ಕೂರುವಷ್ಟೊತ್ತಿಗೇ ಮೂರು, ಮೂರೂವರೆ. ಅವರಿಗಾಗಿ ಬೇರೆ ಅಡುಗೆ ಇಲ್ಲ, ಪಾತ್ರೆಯಲ್ಲಿ ಏನು ಉಳಿದಿದೆಯೋ ಅದು. ಹೀಗಾಗಿ ಕೆಲಸದವರು ಇವತ್ತು ಏನು ಉಣ್ಣಬೇಕು ಎಂದು ತೀರ್ಮಾನ ಮಾಡುವವರು ಗಿರಾಕಿಗಳು. ಗಿರಾಕಿಗೆ ಹಾಗಲಕಾಯಿ ಸೇರದಿದ್ದರೆ ಒಳಗಿನವರಿಗೆ ಹಾಗಲಕಾಯಿ. ಎಣ್ಣೆಗಾಯಿ ಬದನೆಕಾಯಿ ಮಾತ್ರ ಯಾವತ್ತೂ ಉಳಿದದ್ದಿಲ್ಲ.

ರೊಟ್ಟಿ ಅಕ್ಕ ದುಂಡಸಿಯಿಂದ ಮುಂಜಾನೆಯ ಬಸ್ಸಿಗೆ ಬರುತ್ತಾಳೆ. ಆಕೆಗೆ ಶುಗರ್ ಇದೆ. ಮುಂಜಾನೆ ಗುಳಿಗೆ ನುಂಗಿರುತ್ತಾಳೆ. ಮಧ್ಯಾಹ್ನ ಒಂದು ಗಂಟೆಯ ಆಸುಪಾಸಿಗೆ ಊಟ ಆಗಲೇಬೇಕು, ಅನ್ನ ಕಡಿಮೆ ಮಾಡಿ ರೊಟ್ಟಿ ಪಲ್ಯ ಉಣ್ಣಬೇಕು ಎಂದು ಡಾಕ್ಟರು ಹೇಳಿದ್ದರು. ಆದರೆ ಹನ್ನೆರಡರಿಂದ ಮೂರರ ತನಕ ಆಕೆಯ ಕೈ ಹಿಟ್ಟಿನಿಂದ ಹೊರಗೆ ಬರುವುದಿಲ್ಲ. ಮೂರರ ಹೊತ್ತಿಗೆ ಉಳಿಯುವುದು ಅನ್ನ, ಸಾರು. ಈ ಎರಡೂ ಸಂಗತಿ ಅಲ್ಲಿ ಎಲ್ಲರಿಗೂ ಗೊತ್ತಿದ್ದವು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಒಬ್ಬರೇ. ಅದು ನಾನಲ್ಲ.

ನಾನು ಆಗ ಹಾನಗಲ್ಲಿನಲ್ಲಿ ಬಿಬಿಎ ಕೊನೆಯ ವರ್ಷ. ಓದಿಗಿಂತ ಚರ್ಚಾಸ್ಪರ್ಧೆಯೇ ಹೆಚ್ಚು. ಯಾವ ವಿಷಯ ಕೊಟ್ಟರೂ ಮುಂಜಾನೆ ಅದರ ಪರವಾಗಿ, ಮಧ್ಯಾಹ್ನ ವಿರೋಧವಾಗಿ ಮಾತಾಡಿ ಗೆದ್ದು ಬರುವ ಚಟ. ಹೋಟೆಲ್ ಉದ್ಯಮದಲ್ಲಿ ಗ್ರಾಹಕರ ಆಹಾರದ ಆಯ್ಕೆ ಮತ್ತು ನೌಕರರ ಯೋಗಕ್ಷೇಮ ಅಂತ ಒಂದು ಪ್ರಾಜೆಕ್ಟ್ ಬರೆಯಬೇಕಿತ್ತು. ದೊಡ್ಡ ಹೋಟೆಲ್ಲಿಗೆ ಯಾರು ಹೋಗುತ್ತಾರೆ, ಚಿಗವ್ವನ ಖಾನಾವಳಿ ಇದೆಯಲ್ಲ ಎಂದು ಎರಡು ಬಗೆಯ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿಕೊಂಡು ಬಂದೆ.

ಗಿರಾಕಿಗಳು ಹಾಳೆಯ ಮೇಲೆ ಬಹಳ ಆರೋಗ್ಯವಂತರು. ಎಣ್ಣೆ ಕಡಿಮೆ ಇರಲಿ, ಮೊಳಕೆ ಕಾಳು ಇರಲಿ ಎಂದು ಗುರುತು ಹಾಕಿ, ಪೆನ್ನು ವಾಪಸು ಕೊಟ್ಟು, ಮಿರ್ಚಿ ತರಿಸಿಕೊಳ್ಳುತ್ತಿದ್ದರು. ಕೆಲಸದವರ ಹಾಳೆ ಇನ್ನೂ ಚೆಂದ. ಊಟಕ್ಕೆ ಸಾಕಷ್ಟು ಸಮಯ ಸಿಗುತ್ತದೆಯೇ ಅಂತ ಒಂದು ಪ್ರಶ್ನೆ. ರೊಟ್ಟಿ ಅಕ್ಕ ಹಂಚಿನ ಮೇಲಿನ ಕಣ್ಣು ತೆಗೆಯದೆ, "ನಿನಗ ಯಾವುದಕ್ಕ ಮಾರ್ಕ್ಸ್ ಜಾಸ್ತಿ ಬರತಾವ, ಅದನ್ನ ಬರಕೋ ತಂಗಿ" ಅಂದಳು. ನಾನು 'ಹೌದು' ಎಂದು ಬರೆದುಕೊಂಡೆ. ಈಗಲೂ ಆ ಹಾಳೆ ನನ್ನ ಹತ್ತಿರ ಇದೆ.

ಬಡಿಸುವವರು ಸವಣೂರಿನ ಚಾಚಾ. ಐವತ್ತು ದಾಟಿದವರು, ತಲೆಗೆ ಸದಾ ಬಿಳಿ ಟೊಪ್ಪಿಗೆ, ನಡಿಗೆಯಲ್ಲಿ ಅವಸರವೇ ಇಲ್ಲ, ಆದರೂ ಯಾರ ತಾಟೂ ಬರಿದಾಗಲು ಬಿಡುವವರಲ್ಲ. ಅವರಲ್ಲಿ ನನಗೆ ಎರಡು ದೋಷ ಕಂಡಿದ್ದವು. ಒಂದು, ದಿನಾ ಒಂದು ಗಂಟೆಯ ಸುಮಾರಿಗೆ ಗಿರಾಕಿಗಳ ಮುಂದೆ ನಿಂತು ಉದ್ದುದ್ದ ಕತೆ ಹೇಳುತ್ತಿದ್ದರು. ತಮ್ಮ ಮಾವ ಸವಣೂರಿನಿಂದ ತಿನ್ನುವ ಖಾರಾದ ಪೊಟ್ಟಣ ತಂದದ್ದು, ಅದು ದಾರಿಯಲ್ಲೇ ಖಾಲಿಯಾದದ್ದು, ಇಂಥವು. ಅಷ್ಟೊತ್ತು ರೊಟ್ಟಿ ಬರುವುದು ನಿಂತಿರುತ್ತಿತ್ತು, ಯಾರಿಗೂ ಅದರ ಕಡೆ ಲಕ್ಷ್ಯ ಇರುತ್ತಿರಲಿಲ್ಲ. ನಾನು ಅದನ್ನು 'ಕೆಲಸದ ವೇಳೆಯ ಹರಟೆ' ಎಂದು ಬರೆದುಕೊಂಡಿದ್ದೆ. ಎರಡನೆಯದು, ಮೂಲೆಯ ಟೇಬಲ್ಲಿನವರು ಎಣ್ಣೆಗಾಯಿ ಕೇಳಿದರೆ ಸಣ್ಣ ದನಿಯಲ್ಲಿ "ಮುಗದೈತ್ರಿ" ಅನ್ನುತ್ತಿದ್ದರು. ಸಣ್ಣ ದನಿ ಏಕೆಂದರೆ ಬಾಗಿಲ ಬಳಿ ಚಿಗವ್ವ ಕೂತಿರುತ್ತಾಳೆ. ಉಣ್ಣಲು ಬಂದವರ ಮುಂದೆ 'ಇಲ್ಲ' ಅನ್ನುವ ಮಾತು ಆಕೆಗೆ ಆಗದು. ಮೊಸರು ಮುಗಿದರೆ ಪಕ್ಕದ ಮನೆಯಿಂದ ಕಡ ತಂದಾದರೂ ಹಾಕುತ್ತಾಳೆಯೇ ಹೊರತು ಇಲ್ಲ ಅನ್ನಳು.

ಒಂದು ದಿನ ನೀರು ಕುಡಿಯಲು ಒಳಗೆ ಹೋದಾಗ ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಟ್ಟ ಬಟ್ಟಲು ಕಂಡಿತು. ಎತ್ತಿ ನೋಡಿದರೆ ಎರಡು ಎಣ್ಣೆಗಾಯಿ. ಮರುದಿನವೂ ಇತ್ತು. ಮೂರನೆಯ ದಿನವೂ. ಸಾಕ್ಷಿ ಸಿಕ್ಕಿತ್ತು. ಚರ್ಚೆಯಲ್ಲಿ ಸಾಕ್ಷಿ ಸಿಕ್ಕವರು ಯಾರನ್ನೂ ಏನನ್ನೂ ಕೇಳುವುದಿಲ್ಲ, ಗಂಟೆ ಬಾರಿಸುವುದನ್ನು ಕಾಯುತ್ತಾರೆ.

ನಾನೂ ಕಾದೆ. ಹಿರೇಕೆರೂರು ಕಡೆಯಿಂದ ಬರುವ ಬಸ್ಸಿನ ಡ್ರೈವರೊಬ್ಬರು ಅಲ್ಲಿ ಖಾಯಂ ಗಿರಾಕಿ. ಅವತ್ತು ಮೂಲೆಯಲ್ಲಿ ಕೂತು ಎಣ್ಣೆಗಾಯಿ ಕೇಳಿದರು, ಚಾಚಾ ಮುಗಿದಿದೆ ಅಂದರು. ನಾನು ಎದ್ದು ನಿಂತು ಚಿಗವ್ವನಿಗೆ ಕೇಳುವಂತೆ ಹೇಳಿದೆ. ಮುಗಿದಿಲ್ಲ. ಹಿಟ್ಟಿನ ಡಬ್ಬಿಯ ಹಿಂದೆ ಇದೆ. ಮೂರು ದಿನದಿಂದ ದಿನಾ ನೋಡುತ್ತಿದ್ದೇನೆ. ಮುಚ್ಚಿಟ್ಟಿದ್ದನ್ನು ಗಿರಾಕಿ ಉಣ್ಣುವುದಿಲ್ಲ ಎಂದಮೇಲೆ ಯಾರೋ ಉಣ್ಣುತ್ತಾರೆ. ಯಾರು ಎಂದು ನಾನು ಹೇಳಲಿಲ್ಲ, ಚಾಚಾನ ಕಡೆ ನೋಡಿದೆ ಅಷ್ಟೇ. ಅದು ಹೇಳಿದ್ದಕ್ಕಿಂತ ಕೆಟ್ಟದ್ದು.

ಚಾಚಾ ಮುಂದಿನ ಟೇಬಲ್ಲಿಗೆ ಸಾರು ಬಡಿಸಲು ಹೋದರು. ಚಿಗವ್ವನ ಮುಖ ಕೆಂಪಗಾಯಿತು. ಸೀದಾ ಒಳಗೆ ಹೋಗಿ ಬಟ್ಟಲು ತಂದು, ತಪ್ಪಾತ್ರಿ ಅನ್ನುತ್ತ, ಎರಡೂ ಬದನೆಕಾಯಿಯನ್ನು ತನ್ನ ಕೈಯಿಂದಲೇ ಡ್ರೈವರ ತಾಟಿಗೆ ಹಾಕಿದಳು. ಕಿಂಡಿಯಾಚೆ ರೊಟ್ಟಿ ಅಕ್ಕ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಬಡಿಯತೊಡಗಿದಳು. ಡ್ರೈವರು ಚಪ್ಪರಿಸಿ ಉಂಡರು.

ಅವತ್ತು ಚಾಚಾ ಕತೆ ಹೇಳಲಿಲ್ಲ. ಒಂದೂವರೆ ಆಗಿರಬೇಕು, ಡ್ರೈವರು ಮಜ್ಜಿಗೆ ಕುಡಿಯುತ್ತಿದ್ದರು. ರೊಟ್ಟಿಯ ಸಪ್ಪಳ ನಿಂತಿತು. ನೋಡಿದರೆ ಅಕ್ಕ ಗೋಡೆಗೆ ಒರಗಿದ್ದಾಳೆ, ಕುತ್ತಿಗೆಯೆಲ್ಲ ಬೆವರು, ಹಿಟ್ಟು ಮೆತ್ತಿದ ಕೈ ನಡುಗುತ್ತಿದೆ, ಹಂಚಿನ ಮೇಲೆ ರೊಟ್ಟಿ ಕರಿಯಾಗುತ್ತಿದೆ. ನಾನು ಡಾಕ್ಟರು, ಆಟೋ ಎಂದು ಏನೇನೋ ಬಡಬಡಿಸಿದೆ. ಚಾಚಾ ಮಾತ್ರ ಚಹಾದ ಸಕ್ಕರೆ ಒಂದು ಮುಷ್ಟಿ ತಂದು ಆಕೆಯ ಬಾಯಿಗೆ ಹಾಕಿ, ನೀರು ಕುಡಿಸಿ, ಬೆಂಕಿ ಸಣ್ಣ ಮಾಡಿದರು. ಐದು ಹತ್ತು ನಿಮಿಷಕ್ಕೆ ಆಕೆ ಕಣ್ಣು ಬಿಟ್ಟು, ರೊಟ್ಟಿ ಸುಟ್ಟಿತಲ್ಲ ಎಂದು ಬೇಜಾರು ಮಾಡಿಕೊಂಡಳು.

ಏನಾಯಿತು ಎಂದು ಡ್ರೈವರು ಕಿಂಡಿಯ ಹತ್ತಿರ ಬಂದು ಕೇಳಿದರು. ಆಗ ಚಾಚಾ ಬಾಯಿ ಬಿಟ್ಟರು.

"ಗುಳಿಗಿ ನುಂಗಿ ಹೊತ್ತಿಗೆ ಉಣ್ಣದಿದ್ರ ಈಕಿಗೆ ಶುಗರ್ ಇಳಿತೈತ್ರಿ. ನೀವು ಉಂಡ್ರಲ್ಲ ಎಣ್ಣಿಗಾಯಿ, ಅದು ಈಕಿದಿತ್ರಿ. ದಿನಾ ಒಂದಕ್ಕ ನಾ ತಾಟ ಕೊಡತಿದ್ದೆ. ಈಕಿ ಕಿಂಡಿಗೆ ಬೆನ್ನ ಮಾಡಿ ಉಣ್ಣೂತನಾ ನಿಮ್ಮ ಮುಂದ ಏನರ ಒದರಿಕೋತ ನಿಲ್ಲತಿದ್ದೆ."

ನನಗೆ ಬೈಯಲಿಲ್ಲ. ಬೈದಿದ್ದರೆ ಎದುರುತ್ತರ ಕೊಡುವ ಸುಖವಾದರೂ ಇರುತ್ತಿತ್ತು. ಡ್ರೈವರು ತಮ್ಮ ತಾಟಿನ ಕಡೆ ನೋಡಿದರು. ಅದನ್ನು ಅವರು ರೊಟ್ಟಿಯಿಂದ ಒರೆಸಿ ಉಂಡಿದ್ದರು.

ಗಿರಾಕಿಗಳೆಲ್ಲ ಹೋದ ಮೇಲೆ ಚಾಚಾನಿಗೆ ತಪ್ಪಾಯಿತು ಅಂದೆ. ಪರೀಕ್ಷೆಯಲ್ಲಿ ಇದನ್ನೂ ಬರಿ ಬೇಟಾ ಅಂದರು, ನಕ್ಕರು. ನಂತರ ಚಿಗವ್ವನ ಜೊತೆ ವಾದಕ್ಕೆ ಕೂತೆ. ಕೆಲಸದವರು ಮೊದಲು ಉಣ್ಣಬೇಕು, ಹನ್ನೊಂದೂವರೆಗೆ, ಬಾಗಿಲು ತೆರೆಯುವ ಮುಂಚೆ. ಆಕೆಗೂ ಅಕ್ಕನ ಸ್ಥಿತಿ ನೋಡಿ ನೋವಾಗಿತ್ತು, ಬಟ್ಟಲು ತಂದದ್ದು ತನ್ನ ಕೈಯಲ್ಲವೇ. ಆದರೆ ಪದ್ಧತಿ ಬಿಡುವುದಕ್ಕೆ ಮನಸ್ಸು ಒಪ್ಪದು. ಬೇಕಾದರೆ ಅಕ್ಕ ಎರಡು ಬಾಳೆಹಣ್ಣು ಇಟ್ಟುಕೊಳ್ಳಲಿ ಅಂದಳು. ಬಾಳೆಹಣ್ಣು ಶುಗರಿಗೆ ಹೇಗೆ ನಡೆಯುತ್ತದೆ ಅಂದೆ. ತಾನೂ ನಾಲ್ಕಕ್ಕೇ ಉಣ್ಣುವುದು ಅಂದಳು. ನೀನು ಉಪವಾಸ ಇದ್ದರೆ ಆಕೆಯ ಹೊಟ್ಟೆ ತುಂಬುತ್ತದೆಯೇ ಅಂದೆ.

"ಮದುವಿ ಮನ್ಯಾಗ ಮನಿಯವರ ಮೊದಲ ಉಣ್ತಾರೇನು?"

"ಮದುವಿ ಒಂದ ದಿನ ಇರತೈತಿ ಚಿಗವ್ವ. ಖಾನಾವಳಿ ದಿನಾ."

ಚಿಗವ್ವ ಈರುಳ್ಳಿಯ ಬುಟ್ಟಿ ನನ್ನ ಮುಂದೆ ಸರಿಸಿದಳು. ಆಮೇಲೆ, "ನೀನ ಗೆದ್ದಿ ಬಿಡವಾ. ಈಗ ಆ ಉಳ್ಳಾಗಡ್ಡಿ ಹೆಚ್ಚು" ಅಂದಳು.

ನಾನು ಗೆದ್ದೆ. ಪದ್ಧತಿ ಅಲ್ಲಿಯೇ ಇತ್ತು.

ಮರುದಿನ ಡ್ರೈವರು ಬಂದರು. ಎಂದಿನ ಹಾಗೆ ಕೈ ತೊಳೆದರು, ಆದರೆ ಕೂರಲಿಲ್ಲ. ಟೇಬಲ್ಲಿನ ಮೇಲೆ ಕೈಯೂರಿ ನಿಂತು ಚಿಗವ್ವನನ್ನು ಕೇಳಿದರು:

"ರೊಟ್ಟಿ ಅಕ್ಕಾರದ ಊಟ ಆತೇನ್ರಿ?"

ಹೊಸದಾಗಿ ಬಂದ ಇಬ್ಬರು, ತಡಸದ ಕಡೆಯವರು, ಇದ್ಯಾವ ಲೆಕ್ಕ ಎಂದು ಅವರ ಮುಖ ನೋಡಿದರು. ಡ್ರೈವರ ಜೊತೆ ಬಂದ ಕಂಡಕ್ಟರನಿಗೆ ವಿಷಯ ಗೊತ್ತಾಗಿತ್ತು, ಅವನೂ ಕೂರಲಿಲ್ಲ. ಚಿಗವ್ವ ಇಕ್ಕಟ್ಟಿಗೆ ಸಿಕ್ಕಳು. ಗಿರಾಕಿಯ ಮುಂದೆ 'ಇಲ್ಲ' ಅನ್ನಬೇಕು, ಅಥವಾ ಸುಳ್ಳು ಹೇಳಬೇಕು. ಎರಡೂ ಆಗದು. ಐದು ನಿಮಿಷ ಕುಂತಿರ್ರಿ, ಆಗತೈತಿ ಎಂದು ಎದ್ದು ಒಳಗೆ ಹೋದಳು. ನನ್ನ ಎಲ್ಲ ಬಹುಮಾನಗಳೂ ಒಂದು ಕಡೆ, ಆ ಮನುಷ್ಯ ಹಸಿದ ಹೊಟ್ಟೆಯಲ್ಲಿ ನಿಂತು ಕೇಳಿದ ಒಂದು ಪ್ರಶ್ನೆ ಒಂದು ಕಡೆ. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಗುತ್ತದೆ, ಆದರೂ ಒಪ್ಪುತ್ತೇನೆ.

ಅದು ನಾಲ್ಕು ದಿನದ ಉತ್ಸಾಹ ಎಂದುಕೊಂಡಿದ್ದೆ. ಬಸ್ಸಿನವರು ಒಬ್ಬರಿಗೊಬ್ಬರು ಹೇಳಿಕೊಂಡರು. ಹಾನಗಲ್ ಬಸ್ಸಿನವರೂ ಕೇಳತೊಡಗಿದರು, ಅಕ್ಕಿಆಲೂರಿನಿಂದ ಮಾಲು ತರುವವರೂ. ದಿನಾ ಇಷ್ಟು ಜನ ಕೇಳಿದರೆ ದಿನಾ ಐದು ನಿಮಿಷ ಕೂರಿಸುವುದಕ್ಕಿಂತ, ಬಾಗಿಲು ತೆರೆಯುವ ಮುಂಚೆಯೇ ಉಂಡುಬಿಡುವುದು ಒಳ್ಳೆಯದು ಎಂದು ಚಿಗವ್ವ ಒಂದು ದಿನ ತಾನೇ ಕಂಡುಹಿಡಿದವಳ ಹಾಗೆ ಹೇಳಿದಳು. ನಾನು ಉಳ್ಳಾಗಡ್ಡಿ ಹೆಚ್ಚುತ್ತ ಹೋದೆ. ಈಗ ಅಲ್ಲಿ ಹನ್ನೆರಡಕ್ಕೆ ಕೆಲಸದವರ ಊಟ, ಹನ್ನೆರಡೂವರೆಗೆ ಬಾಗಿಲು ತೆರೆಯುವುದು. ಇದರಿಂದ ಅಕ್ಕನ ಶುಗರ್ ಹತೋಟಿಗೆ ಬಂತು ಎಂದು ನಾನು ವಾದಿಸುವುದಿಲ್ಲ. ಕಳೆದ ಸಲ ಡಾಕ್ಟರು ಗುಳಿಗೆ ಬದಲಿಸಿದ್ದಾರೆ. ಆದರೆ ಅವತ್ತಿನ ಹಾಗೆ ಆಕೆ ಗೋಡೆಗೆ ಒರಗಿದ್ದನ್ನು ಮತ್ತೆ ಯಾರೂ ಕಂಡಿಲ್ಲ.

ಕೆಲಸದವರು ಬಾಗಿಲು ತೆರೆಯುವ ಮುಂಚೆ ಉಣ್ಣಲು ಕೂತ ಮೊದಲ ದಿನ ಒಂದು ತೊಡಕು ಬಂತು. ಎಲ್ಲರಿಗೂ ರೊಟ್ಟಿ ಬಡಿದು ಹಾಕಿದ ಅಕ್ಕ ತಾನು ಕೂರುವ ಹೊತ್ತಿಗೆ ಬಿಸಿ ರೊಟ್ಟಿ ಬಡಿಯುವವರು ಯಾರೂ ಇಲ್ಲ. ಆರಿದ್ದೇ ಸಾಕು ಅಂದಳು ಆಕೆ. ಚಿಗವ್ವ ಸೆರಗು ಸಿಕ್ಕಿಸಿಕೊಂಡು ಹಂಚಿನ ಮುಂದೆ ಕೂತಳು. ರೊಟ್ಟಿ ಬಡಿದು ಎಷ್ಟೋ ವರ್ಷವಾಗಿತ್ತು. ಒಂದು ಕಡೆ ಹರಿಯಿತು, ಅದಕ್ಕೆ ಹಿಟ್ಟು ಮೆತ್ತಿದಳು, ಇನ್ನೊಂದು ಕಡೆ ಹರಿಯಿತು. ಚಾಚಾ ಅದನ್ನು ತಾಟಿಗೆ ಹಾಕಿ, ಎರಡು ಎಣ್ಣೆಗಾಯಿ ಇಟ್ಟು, ಗಿರಾಕಿಗೆ ಬಡಿಸುವಷ್ಟೇ ಮರ್ಯಾದೆಯಿಂದ ಅಕ್ಕನ ಮುಂದೆ ಇಟ್ಟರು. ಆಕೆ ರೊಟ್ಟಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಇದೇನ್ರಿ ಅವ್ವಾರ, ಹಾನಗಲ್ ತಾಲೂಕಿನ ನಕಾಶೆ ಬಡದಂಗೈತಿ?"

ಉಂಡ್ರ ಉಣ್ಣು, ಬಿಟ್ರ ಬಿಡು ಎಂದು ಚಿಗವ್ವ ಬೆವರು ಒರೆಸಿಕೊಂಡಳು. ಅಕ್ಕ ಅಂಚು ಮುರಿದು ಎಣ್ಣೆಗಾಯಿಯಲ್ಲಿ ಅದ್ದಿ ಬಾಯಿಗಿಟ್ಟಳು. ನಿಧಾನವಾಗಿ, ಕಿಂಡಿಯ ಕಡೆ ಬೆನ್ನು ಮಾಡಿ, ಪೂರ್ತಿ ಉಂಡಳು. ಆಮೇಲೆ ಖಾಲಿ ತಾಟನ್ನು ಚಿಗವ್ವನ ಕಡೆ ಚೂರು ಸರಿಸಿ, ಇನ್ನೊಂದ ಬಿಸೀದ ಹಾಕ್ರಿ ಅಂದಳು.