ನನ್ನನ್ನು ಕೇಳದೆ ಕೊಟ್ಟ ಕ್ಷಮೆ

ನನ್ನ ಗಂಡ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಯಾರೊಂದಿಗೋ ಪಿಸುದನಿಯಲ್ಲಿ ಮಾತಾಡುತ್ತಿದ್ದಾರೆ ಎಂದು ಗೊತ್ತಾದ ಬೆಳಿಗ್ಗೆ, ನನಗೆ ಬಂದದ್ದು ಯಾವ ಹೆಂಡತಿಗಾದರೂ ಬರುವ ಅನುಮಾನವೇ. ದನಿ ಮೆತ್ತಗಿತ್ತು. ನಡುನಡುವೆ ಅಳುವೂ ಇತ್ತು. "ನಿನ್ ಬುಟ್ರೆ ನಂಗ್ಯಾರವ್ರೆ" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಹಾಲಿನ ಪಾತ್ರೆ ಕೆಳಗಿಟ್ಟು ಬಾಗಿಲು ತಳ್ಳಿದೆ. ಅವರು ಮಂಚದ ಪಕ್ಕ ಮೊಣಕಾಲೂರಿ ಕೂತಿದ್ದರು. ಫೋನು ಕಿಟಕಿಯ ಹತ್ತಿರ ಚಾರ್ಜಿಗೆ ಹಾಕಿದ್ದು ಹಾಗೇ ಇತ್ತು. ನಾನು ಬಂದು ನಿಂತದ್ದೂ ಅವರಿಗೆ ತಿಳಿಯಲಿಲ್ಲ.

ಹೆಂಗಸಲ್ಲ, ದೇವರು ಎಂದು ಗೊತ್ತಾದ ಮೇಲೆ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೆಂಗಸಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ನಾನು ಹುಣಸೂರಿನಿಂದ ರಾವಂದೂರಿಗೆ ಹೋಗಿಬಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಅವರದ್ದು ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ. ಮದುವೆಯಾಗಿ ಬಹಳ ಕಾಲದ ಮೇಲೆ ನಿಂತ ಬಸಿರು, ಏಳನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಸತ್ತಿತು. ಹಿಂದಿನ ದಿನ ನಾನು ಸ್ಕೂಟರಿನಲ್ಲಿ ಶಾಲೆಗೆ ಹೋಗಿದ್ದೆ. ಸ್ಕೂಟರಿಗೂ ಇದಕ್ಕೂ ಸಂಬಂಧವಿಲ್ಲ, ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು ಎಂದು ಡಾಕ್ಟರು ಬಿಡಿಸಿ ಹೇಳಿದರು. ನನ್ನ ಗಂಡ ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿ, "ಬ್ಯಾಡ ಅಂದೆ. ಹೋದೆ" ಎಂದರು.

ಅದಾದ ಮೇಲೆ ನಮ್ಮಿಬ್ಬರ ನಡುವೆ ಮಾತು ನಿಂತಿತು. ಊಟಕ್ಕೆ ಹಾಕು, ಗ್ಯಾಸ್ ಬುಕ್ ಮಾಡು, ಇಷ್ಟೇ. ಅವರು ಹೊಡೆದವರಲ್ಲ, ಕುಡಿದವರಲ್ಲ. ಹೊರಗಿನವರ ಕಣ್ಣಿಗೆ ಬೀಳುವಂಥದ್ದು ಏನೂ ಇರಲಿಲ್ಲ. ನಾನು ಮಾತ್ರ ವರ್ಷಗಟ್ಟಲೆ, ಶಾಲೆಯಲ್ಲಿ ಮಾತಾಡಿ ದಣಿದು ಬಂದು, ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆ.

ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಅವರನ್ನು ಪಿರಿಯಾಪಟ್ಟಣದ ಕ್ರೈಸ್ತರ ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋದರಂತೆ. ಒಂದು ಸಲ ಹೋದವರು ಪ್ರತಿ ಭಾನುವಾರ ಹೋಗತೊಡಗಿದರು. ಹಣೆಯ ವಿಭೂತಿ ನಿಂತಿತು. ಮುಖ ಗೆಲುವಾಯಿತು. ಪಕ್ಕದ ಮನೆಯವರ ಜೊತೆ ಗೇಟಿನ ಹತ್ತಿರ ನಿಂತು ನಗುವುದನ್ನು ನೋಡಿದೆ. ಸಾಲಿಗ್ರಾಮದಿಂದ ಅತ್ತೆ ಫೋನು ಮಾಡಿ, "ನಿನ್ ಗಂಡ ಕುಲ ಕೆಡಿಸ್ತಾವ್ನೆ, ನೀನು ಸುಮ್ಕಿದ್ದೀಯಲ್ಲವ್ವಾ" ಎಂದು ಅತ್ತರು. ನನ್ನ ಸಂಕಟ ಅದಲ್ಲ ಎಂದು ಅವರಿಗೆ ಹೇಗೆ ಹೇಳಲಿ?

"ನನ್ ಪಾಪ ಎಲ್ಲಾ ತೊಳ್ದೋಯ್ತು ಕಣೇ," ಎಂದರು ಒಂದು ದಿನ, ತಟ್ಟೆಯ ಮುಂದೆ ಕೂತು. ಅಷ್ಟು ವರ್ಷಗಳಲ್ಲಿ ಅವರಾಗಿ ಆಡಿದ ಮೊದಲ ಮನಸ್ಸಿನ ಮಾತು.

"ಯಾವ ಪಾಪ?"

"ಎಲ್ಲಾ."

ಅವರು ಮಗುವಿನಂತೆ ನಿದ್ದೆ ಮಾಡುತ್ತಿದ್ದರು. ನನಗೆ ಕಣ್ಣು ಮುಚ್ಚುತ್ತಿರಲಿಲ್ಲ. ತಪ್ಪು ಮಾಡಿದವರಿಗೆ ನೆಮ್ಮದಿ, ಅನುಭವಿಸಿದವಳಿಗೆ ತಲೆನೋವು. ಅವರ ಹಗುರವಾದ ಮುಖ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಮೈಸೂರಿನಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಹೋದೆ. ನಿದ್ದೆಯಿಲ್ಲ ಎಂದು ಶುರುಮಾಡಿದವಳು ಪೂರ್ತಿ ಕತೆ ಹೇಳಿದೆ.

"ನಿಮ್ಮ ಯಜಮಾನರದ್ದು ನಾಟಕ ಅಂತ ನನಗನ್ನಿಸಲ್ಲ," ಎಂದರು ಆಕೆ. "ಅಪರಾಧಿ ಭಾವ ಹೊತ್ತುಕೊಂಡವರಿಗೆ, ಬೈಯದೆ ಕೇಳಿಸಿಕೊಳ್ಳೋರು ಒಬ್ಬರು ಸಿಕ್ಕಿದರೆ ನಿಜವಾಗಿಯೂ ಹಗುರ ಆಗುತ್ತೆ. ಅವರಿಗೆ ಸಿಕ್ಕಿದ್ದಾರೆ. ಆದರೆ ಇಬ್ಬರ ಮಧ್ಯೆ ಆದ ಗಾಯ, ಒಬ್ಬರು ಬೇರೆ ಕಡೆ ಹೋಗಿ ಔಷಧಿ ಹಚ್ಚಿಕೊಂಡರೆ ಇನ್ನೊಬ್ಬರಿಗೆ ವಾಸಿಯಾಗಲ್ಲ. ನಿಮಗೆ ಯಾರ ಮೇಲೆ ಸಿಟ್ಟು?"

"ಆ ದೇವರ ಮೇಲೆ."

"ಸಿಟ್ಟೋ, ಹೊಟ್ಟೆಕಿಚ್ಚೋ?"

ನನಗೆ ಬಂದು ಸೇರಬೇಕಾಗಿದ್ದ ಮಾತೆಲ್ಲ ದಿನವೂ ಆ ಮಂಚದ ಪಕ್ಕದಲ್ಲಿ ಇನ್ನೊಬ್ಬರಿಗೆ ಸೇರುತ್ತಿತ್ತು. ಅದಕ್ಕೆ ಬೇರೆ ಹೆಸರು ಏನಿದೆ?

ಮಾಗಿಯ ಒಂದು ಭಾನುವಾರ ಅವರು, "ಇವತ್ತು ನಾನು ಸಾಕ್ಷಿ ಹೇಳ್ತೀನಿ, ಬತ್ತೀಯಾ?" ಎಂದು ಕೇಳಿದರು. ಸಾಕ್ಷಿ ಎಂದರೆ, ದೇವರು ತನ್ನನ್ನು ಹೇಗೆ ಬದಲಾಯಿಸಿದ ಎಂದು ಸಭೆಯ ಮುಂದೆ ಹೇಳುವುದು. ಏನು ಹೇಳುತ್ತಾರೋ ನೋಡೇಬಿಡೋಣ ಎಂದು ಬೈಕು ಹತ್ತಿದೆ.

ಶೀಟು ಹೊದಿಸಿದ ಉದ್ದನೆಯ ಕೋಣೆ, ನೆಲಕ್ಕೆ ಜಮಖಾನ. ಹೆಂಗಸರ ಸಾಲಿನಲ್ಲಿ ಕೂತೆ. ಅವರು ಮೈಕು ಹಿಡಿದು ಮಗುವಿನ ವಿಷಯ ಎತ್ತಿದರು.

"ಆವತ್ತು ನನ್ ಎಂಡ್ರು, ಬೈಕಲ್ಲಿ ಬುಟ್ಬನ್ನಿ ಅಂದ್ಲು. ಮೋಟ್ರು ಡೆಲಿವರಿ ಅದೆ, ರಜಾ ಆಕು ಅಂದೆ. ರಜಾ ಇಲ್ಲ ಅಂತ ಅವ್ಳೇ ಹೋದ್ಲು. ತಪ್ಪು ಅವ್ಳದ್ದು ಅಂದ್ಕಂಡಿರೋಗಂಟ ನನ್ ತಪ್ಪು ನಂಗೆ ಕಾಣ್ಬೇಕಾಗಿರಲಿಲ್ಲ. ಅದ್ಕೇ ಮಾತು ಬುಟ್ಟೆ. ಮಾತಾಡುದ್ರೆ ಎಲ್ಲಿ ಅತ್ತುಬುಡ್ತೀನೋ ಅಂತ."

ಅವರು ಅತ್ತರು. ಸಭೆ "ಸ್ತೋತ್ರ, ಸ್ತೋತ್ರ" ಎಂದಿತು. ಪಕ್ಕದಲ್ಲಿದ್ದ ಹೆಂಗಸು ನನ್ನ ಭುಜ ಹಿಡಿದು, "ಎಂಥಾ ಮನುಷ್ಯ ಸಿಕ್ಕವ್ರೆ ನಿಮ್ಗೆ!" ಎಂದಳು. ಯಾವ ಮಾತಿಗಾಗಿ ನಾನು ಕಾದು ಕಾದು ಒಣಗಿಹೋಗಿದ್ದೆನೋ ಆ ಮಾತು, ನನಗೆ ಹೆಸರೂ ಗೊತ್ತಿಲ್ಲದ ಜನರ ಕಿವಿಗೂ ನನ್ನ ಕಿವಿಗೂ ಒಟ್ಟಿಗೇ ಬಿದ್ದಿತ್ತು. ಅವರು ನೋಡುತ್ತಿದ್ದದ್ದೂ ಮೇಲಕ್ಕೆ, ನನ್ನ ಕಡೆಗಲ್ಲ.

ಕೊನೆಯಲ್ಲಿ ಪಾಸ್ಟರ್, "ಕರ್ತರು ಇವರನ್ನು ಕ್ಷಮಿಸಿದ್ದಾರೆ" ಎಂದು ಪ್ರಾರ್ಥನೆ ಮುಗಿಸಿದರು. ಜನ ಚದುರಿದ ಮೇಲೆ ನಾನು ನೇರವಾಗಿ ಪಾಸ್ಟರ್ ಹತ್ತಿರ ಹೋದೆ.

"ತಪ್ಪು ಮಾಡಿದ್ದು ನನಗೆ. ನನ್ನನ್ನ ಒಂದು ಮಾತೂ ಕೇಳದೆ ನಿಮ್ಮ ದೇವರು ಹೇಗೆ ಕ್ಷಮಿಸಿಬಿಟ್ಟರು?"

ವಯಸ್ಸಾದ ಮನುಷ್ಯ. ಬುದ್ಧಿ ಹೇಳಲು ಶುರುಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಅದನ್ನು ಬಿಟ್ಟು ಮತ್ತೆ ಜಮಖಾನದ ಮೇಲೆ ಕೂತರು.

"ಕೂತ್ಕೊಳ್ಳಮ್ಮಾ. ಪಾಪ ಅಂದರೆ ಬರೀ ಕಟ್ಟಳೆ ಮುರಿಯೋದಲ್ಲ, ಸಂಬಂಧ ಮುರಿಯೋದು. ದೇವರ ಕಡೆಯ ಬಾಗಿಲು ತೆಗೆದಿದೆ, ಅದು ನಿಜ. ನಿಮ್ಮ ಕಡೆಗೆ ನಿಮ್ಮ ಯಜಮಾನರು ಬರಲೇ ಇಲ್ಲ. ರಕ್ಷಣೆ ಅಂತೀವಲ್ಲ, ಪಾಪದಿಂದ ಬಿಡುಗಡೆ, ಅದು ಅರ್ಧ ದಾರಿಗೆ ನಿಂತಿದೆ. ನಾನೇ ಮೊದಲು ಮನೆಗೆ ಕಳಿಸಬೇಕಿತ್ತು, ಮೈಕು ಕೊಟ್ಟುಬಿಟ್ಟೆ."

ನನ್ನ ಸಿಟ್ಟಿಗೆ ಊರಿಕೊಳ್ಳಲು ಜಾಗವಿಲ್ಲದಂತಾಯಿತು. ಆದರೂ ಹೊರಗೆ ಬೈಕಿನ ಹತ್ತಿರ ಗಂಡನನ್ನು ಕೇಳಿದೆ: "ನನ್ನ ಹತ್ತಿರ ಯಾವತ್ತು ಹೇಳ್ತೀರಿ?"

"ಅದೆಲ್ಲಾ ಮಾಡಿದ ಹಳಬ ಸತ್ತೋದ ಕಣೇ. ಈಗಿರೋನು ಹೊಸ ಮನ್ಸ."

"ಹಂಗಾದ್ರೆ ನಾನು ಯಾರನ್ನ ಕ್ಷಮಿಸ್ಲಿ? ಸತ್ತವರನ್ನಾ?"

ಅವರು ಕೀಲಿ ತಿರುಗಿಸಿ ಬೈಕು ಹತ್ತಿದರು. ಊರು ಸೇರುವವರೆಗೂ ಮಾತಿಲ್ಲ. ಅದರ ಮುಂದಿನ ದಿನಗಳಲ್ಲೂ ಇಲ್ಲ. ಹಳೇ ಮೌನವೇ ತಿರುಗಿ ಬಂತು, ನಾನೇ ಕರೆದುಕೊಂಡೆ ಎಂದು ಹೆದರಿದೆ.

ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅವರೇಕಾಳು ಹಿದುಕುತ್ತಾ ಕೂತಿದ್ದೆ. ಅಂಗಡಿ ಮುಚ್ಚಿ ಬಂದವರು, ಗ್ರೀಸು ಮೆತ್ತಿದ ಕೈಯಲ್ಲೇ ನನ್ನೆದುರು ನೆಲದ ಮೇಲೆ ಕೂತರು.

"ಹಳಬ ಬಂದವ್ನೆ," ಎಂದರು. "ಬೈಯಂಗಿದ್ರೆ ಬೈಯಿ."

ಮತ್ತೆ ಮೊದಲಿಂದ ಹೇಳಿದರು. ಈ ಸಲ ಮೈಕಿರಲಿಲ್ಲ, ಮಾತು ತಡವರಿಸುತ್ತಿತ್ತು. "ನೀನು ಒಬ್ಳೇ ಆಸ್ಪತ್ರೇಲಿ ಗೋಡೆ ಕಡೆ ತಿರುಗಿ ಮಲ್ಗಿದ್ದೆ. ನಾನು ನೋಡ್ದೆ, ನೋಡಿ ಹೊರಗೋದೆ. ತಪ್ಪಾಯ್ತು ಕಣೇ." ಕಣ್ಣು ನನ್ನ ಮೇಲೇ ಇತ್ತು.

ಕ್ಷಮಿಸಿದೆ ಎಂದು ನಾನು ಹೇಳಲಿಲ್ಲ. ಆ ಪದ ಬಾಯಿಗೆ ಬರಲಿಲ್ಲ. ನನಗೆ ಬೇಕಾಗಿದ್ದದ್ದು ಬೇರೆ. ಮಗುವನ್ನು ನನಗೆ ತೋರಿಸಿರಲಿಲ್ಲ. ಸಾಲಿಗ್ರಾಮದ ತೋಟದಲ್ಲಿ ಮಣ್ಣು ಮಾಡಿದವರು ಅವರೇ.

"ಮುಖ ಯಾರ ಥರ ಇತ್ತು?"

"ನಿನ್ನಂಗೇ. ಗಲ್ಲ ನಿಂದೇಯ. ಕೂದ್ಲು ಮಾತ್ರ ನಂದು, ಗುಂಗುರು."

ಕಾಳಿನ ಬುಟ್ಟಿಯ ಎರಡು ಕಡೆ ಕೂತು ಇಬ್ಬರೂ ಅತ್ತೆವು. ಆಮೇಲೆ ಅವರು ಕೈ ತೊಳೆದು ಬಂದು ಉಳಿದ ಕಾಳು ಹಿದುಕಿದರು.

ಅವರು ಈಗಲೂ ಭಾನುವಾರ ಪಿರಿಯಾಪಟ್ಟಣಕ್ಕೆ ಹೋಗುತ್ತಾರೆ. ನಾನು ಹೋಗುವುದಿಲ್ಲ. ನನ್ನ ಹಣೆಯ ವಿಭೂತಿ ನನ್ನದು. ನಿದ್ದೆ ಬರುತ್ತಿದೆ. ಹೊಟ್ಟೆಕಿಚ್ಚು ಪೂರ್ತಿ ಆರಿದೆ ಎಂದರೆ ಸುಳ್ಳಾದೀತು. ಆ ಕೋಣೆಯಲ್ಲಿ ಸ್ತೋತ್ರ ಹೇಳಿದವರಲ್ಲಿ ಯಾರಾದರೂ ಸಂತೆಯಲ್ಲಿ ಎದುರಾಗಿ ನಕ್ಕರೆ, ನನಗೆ ಮೊದಲು ಸೇರಬೇಕಾದ ಮಾತನ್ನು ನನ್ನ ಜೊತೆ ಹಂಚಿಕೊಂಡವರು ಇವರು ಎಂದು ಈಗಲೂ ಎದೆ ಚುರುಕ್ ಎನ್ನುತ್ತದೆ. ಆದರೆ ಆ ಗುಂಗುರು ಕೂದಲಿನ ವಿಷಯವನ್ನು ಅವರು ಅಲ್ಲಿ ಹೇಳಿರಲಿಲ್ಲ. ಅದು ನನಗೊಬ್ಬಳಿಗೇ ಸಿಕ್ಕಿದ್ದು.