ಖಲೀಲ್ ಭಾಯ್ ಕೊಟ್ಟ ಪಾತ್ರೆ

ಕಳೆದ ವರ್ಷ ಆಷಾಢದಲ್ಲಿ ನನ್ನ ಹೆಂಡತಿ ಸಾವಿತ್ರಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಕಾಮಗೆರೆಯ ನಮ್ಮ ಮನೆಯಲ್ಲಿ ಮೂವತ್ತೆರಡು ವರ್ಷ ಅಬಾಧಿತವಾಗಿ ನಡೆದಿದ್ದ ಅವಳ ಅಡುಗೆಮನೆಯ ಆಡಳಿತ ಅಂದು ನನ್ನ ಕೈಗೆ ಬಂತು. ಪ್ರಜೆ ಅವಳೊಬ್ಬಳೇ, ಅವಳೂ ಅತೃಪ್ತಳು.

ನನ್ನ ಉಪ್ಪಿಟ್ಟನ್ನು ಅವಳು ಬೈಯಲಿಲ್ಲ. ಬೈದಿದ್ದರೆ ಚಿಂತೆ ಇರುತ್ತಿರಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ಎರಡು ತುತ್ತು ತಿಂದು, "ಬ್ಯಾಡ ಬುಡಿ" ಎಂದು ತಟ್ಟೆ ಸರಿಸುತ್ತಿದ್ದಳು. ಅಡುಗೆಮನೆಯ ಕಡೆ ತಿರುಗಿ ನೋಡುವುದನ್ನೇ ಬಿಟ್ಟಳು. ಮೂರು ವಾರದಲ್ಲಿ ಎಡಗೈಯ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. "ಮೂಳೆ ಕೂಡ್ಕೋತಾ ಇದೆ, ಊಟ ಸೇರ್ಬೇಕು ಅಷ್ಟೇ" ಎಂದರು ಡಾಕ್ಟರು.

ಒಂದು ಸಂಜೆ ಮೊಬೈಲಿನಲ್ಲಿ ಯಾವುದೋ ದೇಶದ ಹೆಂಗಸೊಬ್ಬಳು ಕೈಮದ ಮೇಲೆ ಆಲೂಗಡ್ಡೆ ಫಿಂಗರ್ ಚಿಪ್ಸ್ ಜೋಡಿಸಿ, ಮೇಲೆ ಚೀಸ್ ಹರಡುವುದನ್ನು ನೋಡುತ್ತಿದ್ದ ಸಾವಿತ್ರಿ, "ಇದ ತಿನ್ಬೇಕು ಅನ್ನಿಸ್ತದೆ ಕಣ್ರೀ" ಎಂದಳು. ಮದುವೆಯಾದಾಗಿನಿಂದ ಇಂಥದ್ದು ಬೇಕು ಎಂದು ಅವಳು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ಮೂಲದಲ್ಲಿದ್ದದ್ದು ದನದ ಮಾಂಸ. ನಮ್ಮ ಮನೆಯ ಸಂವಿಧಾನದಲ್ಲಿ ಅದಕ್ಕೆ ಅವಕಾಶವಿಲ್ಲವಾದ್ದರಿಂದ ಕುರಿ ಕೈಮ ಎಂದು ತಿದ್ದುಪಡಿ ತಂದೆ. ಭಾನುವಾರ ಬೆಳಗ್ಗೆ ಈರುಳ್ಳಿ, ಬೆಳ್ಳುಳ್ಳಿ ಹುರಿದು ಕೈಮ ಬೇಯಿಸಿದೆ. ಚಿಪ್ಸ್ ಗುದ್ದಲಿಯ ಕಾವಿನಷ್ಟು ದಪ್ಪ ಬಂದವು, ಆದರೂ ಕರಿದೆ. ಅಗಲವಾದ ಸ್ಟೀಲ್ ಬಟ್ಟಲಲ್ಲಿ ಎಲ್ಲವನ್ನೂ ಜೋಡಿಸಿ ಚೀಸ್ ತುರಿದು ಹಾಕಿದೆ. ಆಮೇಲಷ್ಟೇ ವಿಡಿಯೊವನ್ನು ಕೊನೆಯವರೆಗೆ ನೋಡಿದ್ದು. ಆ ಮಹಾತಾಯಿ ಬಟ್ಟಲನ್ನು ಓವನ್ನಿನೊಳಗೆ ಇಟ್ಟಳು. ನಮ್ಮಲ್ಲಿರುವುದು ಗ್ಯಾಸ್ ಒಲೆ. ಅದರ ಬೆಂಕಿ ಕೆಳಗಿನಿಂದ ಮಾತ್ರ ಬರುತ್ತದೆ.

"ಮೇಲ್ಗಡೆ ಕೆಂಪುಗಾದ್ರೇ ಅದು. ಆಗ್ದಿದ್ರೆ ಬ್ಯಾಡ ಬುಡಿ" ಎಂದು ಸಾವಿತ್ರಿ ಗೋಡೆ ಕಡೆ ತಿರುಗಿ ಮಲಗಿದಳು. ಆ 'ಬ್ಯಾಡ ಬುಡಿ'ಗೆ ನಾನು ಹೆದರತೊಡಗಿದ್ದೆ.

ಬಟ್ಟಲಿಗೆ ತಟ್ಟೆ ಮುಚ್ಚಿ, ಟವೆಲ್ ಕಟ್ಟಿ, ಉತ್ಸವಮೂರ್ತಿಯಂತೆ ತೊಡೆಯ ಮೇಲಿಟ್ಟುಕೊಂಡು ಕೊಳ್ಳೇಗಾಲದ ಬಸ್ಸಿನಲ್ಲಿ ಕೂತೆ. ಅಲ್ಲಿನ ಬೇಕರಿಯವನು ಮೂಸಿ ನೋಡಿದವನೇ ಒಂದು ಹೆಜ್ಜೆ ಹಿಂದೆ ಸರಿದ. "ಕೈಮ ಅಲ್ವಾ ಸಾ? ಇದ ಒಳಗಿಟ್ರೆ ನಾಳಿಕ್ಕೆ ನಮ್ ಬನ್ನ ಯಾರ್ ತಕಂತಾರೆ? ತಪ್ ತಿಳ್ಕಬ್ಯಾಡಿ." ನಾನು ತಪ್ಪು ತಿಳಿಯಲಿಲ್ಲ. ಅವನ ಮಾತು ನ್ಯಾಯವಾಗಿತ್ತು. ಆದರೆ ನ್ಯಾಯದಿಂದ ಚೀಸ್ ಕೆಂಪಗಾಗುವುದಿಲ್ಲ.

ಬಸ್ ಸ್ಟ್ಯಾಂಡಿಗೆ ಮರಳುವ ದಾರಿಯಲ್ಲಿ ಒಂದು ಬಿರಿಯಾನಿ ಅಂಗಡಿಯ ಮುಂದೆ ನಿಂತುಬಿಟ್ಟೆ. ಗಡ್ಡ ನೆರೆತ ಅಡುಗೆಯವರೊಬ್ಬರು ದಮ್ಮಿಗಿಟ್ಟ ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹರಡುತ್ತಿದ್ದರು. ಕೆಳಗೂ ಬೆಂಕಿ, ಮೇಲೂ ಬೆಂಕಿ!

"ಏನ್ ಸಾ, ಪಾರ್ಸಲ್ಲಾ?"

"ಪಾರ್ಸಲ್ ನಾನೇ ತಂದಿದ್ದೀನಿ" ಎಂದು ಟವೆಲ್ ಬಿಚ್ಚಿ, ಬಚ್ಚಲಿನಿಂದ ಬನ್ನಿನವರೆಗೆ ಸಕಲ ವೃತ್ತಾಂತವನ್ನೂ ನಿವೇದಿಸಿದೆ.

ಅವರು ಬಟ್ಟಲನ್ನು ದೀರ್ಘವಾಗಿ ಪರಿಶೀಲಿಸಿದರು. "ಈ ಆಲೂಗಡ್ಡೆ ಯಾರ್ ಸಾ ಕುಯ್ದಿದ್ದು, ಮಚ್ಚಲ್ಲಾ?"

"ನಾನೇ. ಚಾಕುವಿನಲ್ಲೇ."

"ಅಮ್ಮಾವ್ರಿಗೆ ಬ್ಯಾಗ ವಾಸಿಯಾಗ್ಲಿ ಸಾ" ಎಂದರು ಗಂಭೀರವಾಗಿ.

ದಪ್ಪ ತಳದ ಪಾತ್ರೆಯೊಂದನ್ನು ಒಲೆಗಿಟ್ಟು, ನನ್ನ ಬಟ್ಟಲನ್ನು ಅದರೊಳಗಿಳಿಸಿ, ಮುಚ್ಚಿ, ಮೇಲೆ ಕೆಂಡ ಹರಡಿದರು. "ಖಲೀಲ್ ಭಾಯ್, ನಮ್ದು?" ಎಂದ ಕಾದು ಬೇಸತ್ತ ಗಿರಾಕಿ. "ಇರಪ್ಪಾ, ಉಸಾರಿಲ್ದೋರ್ದು ಮೊದ್ಲು." ಅವರ ಹೆಸರು ನನಗೆ ತಿಳಿದದ್ದು ಹಾಗೆ.

ಸ್ವಲ್ಪ ಹೊತ್ತಿಗೆ ಮುಚ್ಚಳ ಸರಿಸಿದರು. ಚೀಸ್ ಕರಗಿ, ಉಬ್ಬಿ, ಅಲ್ಲಲ್ಲಿ ಒಳ್ಳೆಯ ಕೆಂಪು ಹತ್ತಿತ್ತು. ಬಟ್ಟಲಿಗೆ ಕೈಹಾಕಹೋದ ನನ್ನನ್ನು ತಡೆದು, "ಈಚ್ಗೆ ತಗೀಬ್ಯಾಡಿ, ಆರೋಯ್ತದೆ. ಪಾತ್ರೆ ಸಮೇತ ತಕಂಡೋಗಿ" ಎಂದು ಗೋಣಿಚೀಲ ಸುತ್ತಿ ಕೈಗಿಟ್ಟರು. ನಾನು ನನ್ನ ಹೆಸರು, ಊರು ಹೇಳಲು ಹೊರಟೆ. "ಬಸ್ಸು ಓಯ್ತದೆ, ನಡೀರಿ ಸಾ" ಎಂದರು.

ಮನೆಯಲ್ಲಿ ಸಾವಿತ್ರಿ ಎದ್ದು ಕೂತಳು. ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. "ಉಪ್ ಕಮ್ಮಿ. ಇದೇನ್ ಚಿಪ್ಸಾ, ಸೌದೆಯಾ?" ಎಂದು ಬೈಯುತ್ತ ಎರಡು ಸಲ ಬಡಿಸಿಕೊಂಡಳು. ಅಷ್ಟು ಹಿತವಾದ ಬೈಗುಳ ನಾನು ಕೇಳಿಲ್ಲ.

ಮರುದಿನ ಪಾತ್ರೆ ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡು ಹೊರಟೆ.

"ಎತ್ತಗೆ?"

"ಅವರ ಪಾತ್ರೆ ಕೊಟ್ಟು ಬರೋಣಾಂತ."

"ಬರೀ ಪಾತ್ರೆಯಾ? ನಾನಿನ್ನೂ ಬದ್ಕಿವ್ನಿ ಕಣ್ರೀ!"

ಹಾಗೆಂದವಳೇ ಅಡುಗೆಮನೆಗೆ ಬಂದಳು. ಬಿದ್ದ ದಿನದಿಂದ ಅದೇ ಮೊದಲು. ಸ್ಟೂಲಿನ ಮೇಲೆ ಕೂತು, ಪ್ಲಾಸ್ಟರ್ ಹಾಕಿದ ಕೈಯನ್ನು ರಾಜದಂಡದಂತೆ ಎತ್ತಿ, ಅಕ್ಕಿ ನೆನೆಹಾಕಲು ಅಪ್ಪಣೆ ಕೊಟ್ಟಳು. ಎರಡು ದಿನ ಅವಳ ಕೈಕೆಳಗೆ ದುಡಿದು ಕಜ್ಜಾಯ ಮಾಡಿದೆ. ಪಾಕ ಒಮ್ಮೆ ಕಲ್ಲಾಯಿತು, ಒಮ್ಮೆ ನೀರಾಯಿತು. ನನ್ನ ವಂಶದ ಬಗ್ಗೆಯೂ ಕೆಲವು ಮಾತುಗಳು ಬಂದವು.

ಖಲೀಲ್ ಭಾಯ್ ಕಜ್ಜಾಯವನ್ನು ಬೇರೆಡೆ ಸುರಿದುಕೊಂಡರು. ಆಮೇಲೆ ಅದೇ ಪಾತ್ರೆಗೆ ಬಿರಿಯಾನಿ ತುಂಬಿ ನನ್ನ ಕೈಗಿಟ್ಟರು. "ಅಮ್ಮಾವ್ರು ಇಷ್ಟು ಕಳ್ಸವ್ರೆ, ನಿಮ್ಮನ್ನ ಬರೀ ಕೈಲಿ ಕಳ್ಸಕ್ಕಾಯ್ತದಾ ಸಾ?" ಪಾತ್ರೆ ಅವರದೇ ಎಂಬ ಕಾನೂನಿನ ಅಂಶವನ್ನು ನಾನು ಎತ್ತಿದೆ. ಅದಕ್ಕೆ ಅಲ್ಲೂ ಬೆಲೆ ಸಿಗಲಿಲ್ಲ, ಮನೆಯಲ್ಲೂ ಸಿಗಲಿಲ್ಲ.

ವರ್ಷವಾಯಿತು. ಆ ಪಾತ್ರೆ ಇನ್ನೂ ಯಾರ ಮನೆಯಲ್ಲೂ ನೆಲೆ ನಿಂತಿಲ್ಲ. ಪ್ಲಾಸ್ಟರ್ ಬಿಚ್ಚಿದ ದಿನವೇ ಅಡುಗೆಮನೆ ಮರಳಿ ಅವಳ ವಶವಾಯಿತು. ನನಗೆ ಉಳಿದಿರುವುದು ಪಾತ್ರೆ ಸಾಗಿಸುವ ಖಾತೆ ಮಾತ್ರ. ನನ್ನ ದೂರೇನೂ ಇಲ್ಲ. ಇದನ್ನು ಬರೆಯುತ್ತಿರುವಾಗ ಪಾತ್ರೆ ನಮ್ಮಲ್ಲಿದೆ. ಒಳಗೆ ಸಾವಿತ್ರಿ ಬೆಲ್ಲ ಕುಟ್ಟುತ್ತಿದ್ದಾಳೆ, ಬಲಗೈಯಲ್ಲೇ.