ವ್ಯಾಪಾರ ಆಗುವ ತನಕ ಒಂದು ಕಾಫಿ

ಅವರ ಶರ್ಟುಗಳೆಲ್ಲ ಮೊದಲು ಎಡ ಹೆಗಲಿನಲ್ಲೇ ಬಣ್ಣ ಬಿಡುತ್ತಿದ್ದವು. ಟೇಬಲ್ ಒರೆಸುವ ಒದ್ದೆ ಬಟ್ಟೆ ಸದಾ ಅಲ್ಲೇ ಇರುತ್ತಿತ್ತಲ್ಲ, ದೀಪಾವಳಿಗೆ ಅಪ್ಪ ಕೊಡಿಸಿದ ಹೊಸ ಶರ್ಟೂ ಸಂಕ್ರಾಂತಿ ಬರುವಷ್ಟರಲ್ಲಿ ಅಲ್ಲಿ ಬೆಳ್ಳಗಾಗಿರುತ್ತಿತ್ತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಎದುರಿಗಿರುವ ನಮ್ಮ ಹೋಟೆಲಿನಲ್ಲಿ ಅವರು ಸಪ್ಲೈಯರ್, ನಾನು ಹುಟ್ಟುವುದಕ್ಕೂ ಮೊದಲಿನಿಂದ. ಊರೆಲ್ಲ ಸಪ್ಲೈಯರಣ್ಣ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅವರಿಗೆ ಮಾತ್ರ ನಾನು ದೊಡ್ಡವಳಾದ ಮೇಲೂ ‘ಪಾಪ’, ಪುಟ್ಟ ಮಗುವೇ.

ಬಂದವರನ್ನು ಏನು ಬೇಕು ಎಂದು ಅವರು ಕೇಳಿದ್ದನ್ನು ನಾನು ಕಂಡಿಲ್ಲ. ಗೂಡು ತಂದ ರೈತರಾದರೆ "ಬೇರಮಯ್ಯಿಂದಾ?" ಎಂದು ತೆಲುಗಿನಲ್ಲಿ ವ್ಯಾಪಾರ ಆಯಿತೇ ಎಂದಷ್ಟೇ ವಿಚಾರಿಸುವರು. ಆಗಿದ್ದರೆ ಎಲೆ ಹಾಕಿ ಊಟ. ಇಲ್ಲದಿದ್ದರೆ ಒಂದು ಕಾಫಿ ಇಟ್ಟು ಆಚೆ ಹೋಗುವರು. ಹರಾಜು ಮುಗಿಯುವ ತನಕ ಆ ಜನಕ್ಕೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಕಾಫಿ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕೂತಿರುತ್ತಾರೆ. ಅವರನ್ನು ಏಳಿಸಬಾರದು, ಇದು ಅಣ್ಣನ ಕಾನೂನು.

ನನ್ನದೋ ಕೂತಲ್ಲಿ ಕೂರಲಾಗದ ಸ್ವಭಾವ. ಅಪ್ಪ ಹೋಟೆಲನ್ನು ನನ್ನ ಕೈಗೆ ಬಿಟ್ಟ ವರ್ಷ ಬೆಂಗಳೂರಿನಲ್ಲಿ ಹೋಟೆಲಿನವರ ಸಭೆಯೊಂದಕ್ಕೆ ಹೋಗಿದ್ದೆ. ಮುಂದೆ ಗಿರಾಕಿ ಆರ್ಡರ್ ಕೊಡಲು ಯಾರ ಮುಖವನ್ನೂ ನೋಡುವುದಿಲ್ಲ, ತಟ್ಟೆಯನ್ನು ರೋಬೋ ತರುತ್ತದೆ, ತಿಂದವರು ಏಳುವ ಮೊದಲೇ ಸ್ಟಾರ್ ಕೊಟ್ಟಿರುತ್ತಾರೆ ಎಂದರು ಅಲ್ಲಿ. ನನ್ನ ನೆಮ್ಮದಿ ಹಾಳಾಯಿತು. ರೋಬೋ ತರುವ ತಾಕತ್ತು ನಮಗೆಲ್ಲಿ? ಪ್ರತಿ ಟೇಬಲ್ಲಿಗೂ ಕ್ಯೂಆರ್ ಸ್ಟಿಕ್ಕರ್ ಅಂಟಿಸಿದೆ, ಕೌಂಟರಿನ ಮೇಲೆ ಒಂದು ಟ್ಯಾಬ್ ಇಟ್ಟೆ. ಯಾವ ಟೇಬಲ್ಲಿನಲ್ಲಿ ಎಷ್ಟು ಹೊತ್ತಿನಿಂದ ಜನ ಕೂತಿದ್ದಾರೆ ಎಂದು ಅದು ತೋರಿಸುತ್ತಿತ್ತು. ಹೊತ್ತು ಮೀರಿದರೆ ಕೆಂಪು.

"ಚೆನ್ನಾಗೈತೆ ಪಾಪ," ಎಂದರು ಅಣ್ಣ, ಸ್ಟಿಕ್ಕರಿನ ಮೇಲೆ ಬಟ್ಟೆ ಆಡಿಸುತ್ತ. "ಒರೆಸಿದ್ರೆ ಮೂಲೆ ಕಿತ್ಕೊಳ್ತದೆ, ಅಷ್ಟೇ."

ಒಂದು ಮಧ್ಯಾಹ್ನ ನಾಲ್ಕನೇ ಟೇಬಲ್ ಕೆಂಪಾದದ್ದು ಕೆಂಪಾಗಿಯೇ ಇತ್ತು. ಅಂಬಾಜಿದುರ್ಗದ ಕಡೆಯ ರೈತರೊಬ್ಬರು, ಒಂದೇ ಕಾಫಿ. ಜಾಗಕ್ಕಾಗಿ ಜನ ಬಾಗಿಲಲ್ಲಿ ನಿಂತಿದ್ದರು. ಅವರಲ್ಲೊಬ್ಬರು ಫೋನಿನಲ್ಲಿ ಏನೋ ಒತ್ತುತ್ತಿದ್ದರು. ನಮಗೆ ಒಂದೇ ಸ್ಟಾರ್ ಕೊಡುತ್ತಿದ್ದಾರೆಂದೇ ನನಗೆ ತೋರಿತು. ಸರಸರ ಹೋಗಿ, "ಯಜಮಾನ್ರೇ, ಏನಾದ್ರೂ ತಗೊಳ್ಳಿ, ಇಲ್ಲಾಂದ್ರೆ ಜಾಗ ಬಿಡಿ" ಎಂದೆ. ಅವರು ಎದ್ದು ಹೋದರು. ಅರ್ಧ ಕಾಫಿ ಲೋಟದಲ್ಲೇ ಉಳಿಯಿತು.

ಅಣ್ಣ ನನ್ನನ್ನು ಬೈಯಲಿಲ್ಲ. ಹೊಸದಾಗಿ ಕಾಫಿ ಹಾಕಿಸಿ, ಮೇಲೊಂದು ಬಟ್ಟಲು ಮುಚ್ಚಿಕೊಂಡು ರಸ್ತೆ ದಾಟಿದರು. ಮಾರುಕಟ್ಟೆಯೊಳಗೆ ಗೂಡಿನ ರಾಶಿಗಳ ನಡುವೆ ಆ ರೈತರನ್ನು ಹುಡುಕಿ ಕೊಟ್ಟು ಬಂದರು. ಅಷ್ಟು ಹೊತ್ತೂ ಹೋಟೆಲಿನಲ್ಲಿ ಗಿರಾಕಿಗಳು ಕೈಕೈ ಹಿಸುಕಿಕೊಂಡು ಕೂತಿದ್ದರು.

"ಆಯಪ್ಪ ತಿನ್ನಕ್ಕೆ ಬಂದಿರ್ಲಿಲ್ಲ ಪಾಪ, ಕೂತ್ಕೊಳ್ಳಕ್ಕೆ ಬಂದಿದ್ದ. ಹೋಟ್ಲು ಅಂದ್ರೆ ಅದೂ ಸೇರ್ತದೆ" ಎಂದರು ಬಂದಮೇಲೆ.

ಆಗ ನನಗೆ ತಪ್ಪು ತಿಳಿಯಲಿಲ್ಲ, ಮೈ ಉರಿಯಿತು. ಮಾರನೆಯ ದಿನವೇ ಅವರನ್ನು ಪಾರ್ಸೆಲ್ ಕೌಂಟರಿಗೆ ಹಾಕಿದೆ. ಆಪ್‌ನಲ್ಲಿ ಬಂದ ಆರ್ಡರ್ ಕಟ್ಟಿ ಕೊಡುವ ಕೆಲಸ. ಹೆಗಲ ಮೇಲೆ ಬಟ್ಟೆ ಬೇಕಿರಲಿಲ್ಲ. ಡೆಲಿವರಿ ಹುಡುಗರು ಬಂದರೆ ಅಣ್ಣ, "ಯಾರಪ್ಪಾ ತಿನ್ನೋರು? ಒಬ್ರೇನಾ? ಹುಷಾರಿಲ್ವಾ?" ಎಂದು ಕೇಳುತ್ತಿದ್ದರು. "ಬೇಗ ಕೊಡಿ ತಾತ, ಟೈಮ್ ಓಡ್ತಾ ಇದೆ" ಎನ್ನುವುದೇ ಆ ಹುಡುಗರ ಉತ್ತರ. ತಿಂಗಳು ತುಂಬುವುದರೊಳಗೆ ಅಣ್ಣ ಮೇಲೂರಿನ ಮಗಳ ಮನೆಗೆ ಹೊರಟು ನಿಂತರು. "ಕೈ ನಡುಗ್ತದೆ ಪಾಪ" ಎಂದರು. ಆ ಕೈ ನಡುಗಿದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಆದರೂ ತಡೆಯಲಿಲ್ಲ. ಹೋಗಿ ತಪ್ಪಾಯಿತು ಎನ್ನಬೇಕೆಂದು ಆಮೇಲೆ ಎಷ್ಟೋ ಸಲ ಹೊರಟೆ. ಪ್ರತಿ ಸಲವೂ ಏನೋ ಒಂದು ಕೆಲಸ ಅಡ್ಡ ಬಂತು. ಕಳೆದ ಶ್ರಾವಣದಲ್ಲಿ ಅಣ್ಣ ತೀರಿಕೊಂಡರು.

ಅದಾಗಿ ಒಂದು ವಾರಕ್ಕೆ ಅಂಬಾಜಿದುರ್ಗದ ಕಡೆಯ ಆ ರೈತರು ಬಂದರು, ಅಂದು ಎದ್ದು ಹೋದ ಮೇಲೆ ಇದೇ ಮೊದಲ ಸಲ. ಕೂರದೆ, ಒಳಗೆಲ್ಲ ಕಣ್ಣಾಡಿಸಿ, "ಅಣ್ಣ ಇಲ್ವೇನಮ್ಮಾ?" ಎಂದರು. ಹೇಳಿದೆ. ತಿರುಗಿ ಹೊರಟರು. ನಾನು ಅಡ್ಡ ಹೋದೆ.

"ಬೇರಮಯ್ಯಿಂದಾ?"

ಅವರು ನನ್ನ ಮುಖ ನೋಡಿದರು. "ಇಂಕಾ ಲೇದಮ್ಮಾ." ಇನ್ನೂ ಇಲ್ಲ.

ನಾಲ್ಕನೇ ಟೇಬಲ್ಲಿಗೆ ನಾನೇ ಕಾಫಿ ತಂದಿಟ್ಟೆ. ಅಭ್ಯಾಸವಿಲ್ಲದ ಕೈ, ಚೆಲ್ಲಿತು. ಒರೆಸಲು ಏನೂ ಸಿಗದೆ ಎಡ ಹೆಗಲ ಮೇಲಿದ್ದ ವೇಲಿನಲ್ಲೇ ಒರೆಸಿದೆ. ಟ್ಯಾಬಿನಲ್ಲಿ ನಾಲ್ಕನೇ ಟೇಬಲ್ ಕೆಂಪಾಯಿತು, ತುಂಬಾ ಹೊತ್ತು ಹಾಗೇ ಇತ್ತು. ನಾನು ಆ ಟೇಬಲ್ಲಿನ ಕಡೆ ಹೋಗಲಿಲ್ಲ.